70ರ ದಶಕದ ಪಾಪ್ ಹಾಡುಗಳು ನಿಜವಾಗ್ಲೂ ಅಷ್ಟು ಚೆನ್ನಾಗಿದ್ವಾ, ಇಲ್ಲಾ ಬರೀ ಹಳಬರ ಮೋಹನಾ?

ನೀವು ಕೇಳಿರೋದು ಇಂಗ್ಲಿಷ್ ಪಾಪ್ ಬಗ್ಗೆ, ಜೊತೆಗೆ "ಡಿಸ್ಕೋ ಅಂದ್ರೆ ಬರೀ ಗದ್ದಲ ಅಲ್ವಾ" ಅಂತಾನೂ ಸೇರಿಸಿದೀರಿ. ಮೊದಲು ಒಪ್ಕೊಂಡುಬಿಡ್ತೀನಿ, ಮೋಹ ಇದೆ. ಆ ಹತ್ತು ವರ್ಷದಲ್ಲಿ ಬಂದ ಕಸಾನೂ ರಾಶಿಗಟ್ಟಲೆ ಇತ್ತು, ಅದನ್ನೆಲ್ಲ ಎಲ್ಲರೂ ಮರೆತು ಉಳಿದ ನೂರಿನ್ನೂರು ಹಾಡು ಇಟ್ಕೊಂಡು ಈಗ ಆಹಾ ಓಹೋ ಅಂತೀವಿ ಅಷ್ಟೆ.

ನಂಗೆ ಈ ಹುಚ್ಚು ಹಿಡಿಸಿದ್ದು ನಮ್ಮಣ್ಣ. ಅವನು ಮೊದಲ ಸಲ ಕ್ಯಾಸೆಟ್ ಹಾಕಿ "ಅಬ್ಬಾ" ಅಂದಾಗ ನಾನು "ಏನಾಯ್ತಣ್ಣ?" ಅಂದಿದ್ದೆ, ಅದು ಬ್ಯಾಂಡ್ ಹೆಸರು ಅಂತ ತಿಳಿಯೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಅವನ ಟೇಪ್ ರೆಕಾರ್ಡರ್ ಮೋಟರ್ ಒಂಚೂರು ಜೋರಾಗಿ ಓಡ್ತಿತ್ತು, ಹಾಗಾಗಿ ಆ ಕಾಲದ ಹಾಡೆಲ್ಲ ನನ್ನ ತಲೇಲಿ ಕೂತಿರೋದೇ ಹಾರ್ಮೋನಿಯಂನ ಅರ್ಧ ಮನೆಯಷ್ಟು ಮೇಲಿನ ಶ್ರುತೀಲಿ. ಎಷ್ಟೋ ವರ್ಷ ಆದ್ಮೇಲೆ ಅದೇ ಹಾಡುಗಳನ್ನ ಸಿಡೀಲಿ ಕೇಳಿದಾಗ ಯಾರೋ ನಿದ್ದೆಗಣ್ಣಲ್ಲಿ ಹಾಡಿರೋ ಡೂಪ್ಲಿಕೇಟ್ ಅಂದ್ಕೊಂಡು ಕವರ್ ತಿರುಗಿಸಿ ತಿರುಗಿಸಿ ನೋಡಿದೀನಿ. ಆಮೇಲೆ ಓದಿ ಗೊತ್ತಾಯ್ತು, ಅಬ್ಬಾದ ಸೌಂಡ್ ಎಂಜಿನಿಯರ್ ಮೈಕೆಲ್ ಟ್ರೆಟೋ ಬೇಕು ಅಂತಾನೇ ಟೇಪಿನ ಸ್ಪೀಡ್ ಕೂದಲೆಳೆಯಷ್ಟು ಬದಲಾಯಿಸಿ ಅದೇ ವಾದ್ಯಾನ ಮೇಲಿಂದ ಇನ್ನೊಂದು ಸಲ ರೆಕಾರ್ಡ್ ಮಾಡ್ತಿದ್ದನಂತೆ, ಎರಡೂ ಸೇರಿದಾಗ ಒಂದು ಗಿಟಾರ್ ಹತ್ತು ಗಿಟಾರ್ ಥರ ದಪ್ಪ ಆಗತ್ತೆ. ಅಣ್ಣನ ಟೇಪ್ ರೆಕಾರ್ಡರ್ ಕೆಟ್ಟಿದ್ದಕ್ಕೆ ಮಾಡ್ತಿದ್ದ ಕೆಲಸಾನ ಟ್ರೆಟೋ ಬುದ್ಧಿ ಉಪಯೋಗಿಸಿ ಮಾಡ್ತಿದ್ದ, ಅಷ್ಟೇ ವ್ಯತ್ಯಾಸ.

ನಂಗೆ ಆ ದಶಕ ಇಷ್ಟ ಆಗೋದು ಇದೇ ಕಾರಣಕ್ಕೆ. ಮನುಷ್ಯ ನುಡಿಸೋದು ಇನ್ನೂ ಮುಗಿದಿರ್ಲಿಲ್ಲ, ಯಂತ್ರ ಇನ್ನೂ ಪೂರ್ತಿ ಬಂದಿರ್ಲಿಲ್ಲ, ಮಧ್ಯದ ಒಂದು ಎಡಬಿಡಂಗಿ ಹೊತ್ತು ಅದು. ಯಂತ್ರ ಮಾಡಬೇಕಾದ ಕೆಲಸಾನ ಜನ ಕೈಯಲ್ಲಿ ಮಾಡ್ತಿದ್ರು.

1975ರ 'ಐ ಆಮ್ ನಾಟ್ ಇನ್ ಲವ್' ತಗೊಳ್ಳಿ, ಟೆನ್ ಸಿಸಿ ಅನ್ನೋ ಬ್ಯಾಂಡ್‌ದು. ಹಿಂದೆ ಮೋಡದ ಥರ ಒಂದು ಕೋರಸ್ ತೇಲ್ತಾ ಇರತ್ತೆ, ಇವತ್ತಾದ್ರೆ ಕೀಬೋರ್ಡಲ್ಲಿ ಒಂದು ಬಟನ್. ಆಗ ಏನ್ ಮಾಡಿದ್ರು ಅಂದ್ರೆ, ಬ್ಯಾಂಡಿನ ನಾಲ್ವರಲ್ಲಿ ಮೂರು ಜನ ನಿಂತು ಒಂದೊಂದು ಸ್ವರಾನೂ 'ಆ...' ಅಂತ 16 ಸಲ ಹಾಡಿದ್ರು, ಅಂದ್ರೆ ಸ್ವರಕ್ಕೆ 48 ದನಿ, ಹೀಗೆ 13 ಸ್ವರ, ಒಟ್ಟು 624 ದನಿ! ಒಂದೊಂದು ಸ್ವರದ ಟೇಪನ್ನೂ ಉದ್ದನೆ ತುಂಡಾಗಿ ಕತ್ತರಿಸಿ ತುದಿಗೆ ತುದಿ ಅಂಟಿಸಿ ಬಳೆ ಥರ ಮಾಡಿ, ಮೆಷಿನ್ನಿಂದ ಆಚೆ ಬಂದು ಒಂದು ಮೈಕ್ ಸ್ಟ್ಯಾಂಡ್ ಸುತ್ತಿ ವಾಪಸ್ ಹೋಗೋ ಹಾಗೆ ಓಡಿಸಿದ್ರು. ಆಮೇಲೆ ನಾಲ್ಕೂ ಜನ ಮಿಕ್ಸರ್ ಮುಂದೆ ಕೂತು, ಹಾಡಿಗೆ ಯಾವ ಸ್ವರ ಬೇಕೋ ಆ ಫೇಡರ್ (ಸದ್ದು ಏರಿಸಿ ಇಳಿಸೋ ಗುಂಡಿ) ಎತ್ತೋದು, ಬೇಡದ್ದು ಇಳಿಸೋದು, ಹಾರ್ಮೋನಿಯಂ ನುಡಿಸಿದಂಗೆ. ಇನ್ನೊಂದು ತಮಾಷೆ ಅಂದ್ರೆ ಫೇಡರ್ ಪೂರ್ತಿ ಕೆಳಗೆ ಇಳೀಬಾರದು ಅಂತ ಕೆಳಗಡೆ ಅಂಟು ಟೇಪ್ ಹಾಕಿಬಿಟ್ಟಿದ್ರು, ಹಾಗಾಗಿ ಹದಿಮೂರೂ ಸ್ವರ ಯಾವಾಗ್ಲೂ ಸಣ್ಣಗೆ ಗುಂಯ್ ಅಂತಾನೇ ಇರತ್ತೆ. ತಂಬೂರಿ ಒಂದು ಶ್ರುತಿ ಹಿಡಿದು ಕೂರತ್ತೆ, ಇಲ್ಲಿ ಎಲ್ಲಾ ಶ್ರುತೀನೂ ಒಟ್ಟಿಗೆ ಕೂತಿವೆ, ಆದ್ರೂ ಅಪಸ್ವರ ಅನ್ಸಲ್ಲ.

ಇನ್ನು ಡಿಸ್ಕೋ. ಬೀ ಜೀಸ್ ಬ್ಯಾಂಡ್‌ನ 'ಸ್ಟೇಯಿಂಗ್ ಅಲೈವ್' 1977ರದ್ದು, ರೆಕಾರ್ಡಿಂಗ್ ನಡೀವಾಗ ಅವರ ಡ್ರಮ್ಮರ್ ಮನೆಯವರಿಗೆ ಏನೋ ಆಗಿ ಹೊರಟುಹೋಗಬೇಕಾಯ್ತು. ಇವರು ಇನ್ನೊಂದು ಹಾಡಿಗೆ ಅವನು ಆಗ್ಲೇ ನುಡಿಸಿದ್ದ ಡ್ರಮ್ಸಿಂದ ಎರಡೇ ಎರಡು ಬಾರ್ (ನಮ್ಮ ತಾಳದ ಆವರ್ತದ ಥರ) ಕತ್ತರಿಸಿ, ಬಳೆ ಮಾಡಿ (ಇಂಗ್ಲಿಷಲ್ಲಿ ಇದಕ್ಕೇ ಲೂಪ್ ಅನ್ನೋದು), ಮತ್ತೆ ಅದೇ ಮೈಕ್ ಸ್ಟ್ಯಾಂಡ್ ಮೇಲಿಂದ ಓಡಿಸಿದ್ರು! (ಆ ದಶಕದಲ್ಲಿ ಮೈಕ್ ಸ್ಟ್ಯಾಂಡಿಗೆ ಬೇರೆ ಸಂಬಳ ಕೊಡಬೇಕಿತ್ತು.) ಇಡೀ ಹಾಡಿನ ತಾಳ ಅದೇ ಎರಡು ಬಾರ್. ರೆಕಾರ್ಡ್ ಮೇಲೆ ಡ್ರಮ್ಮರ್ ಅಂತ ಹಾಕೋಕೆ ಬರ್ನಾರ್ಡ್ ಲೂಪ್ ಅಂತ ಇಲ್ಲದ ಮನುಷ್ಯನ ಹೆಸರನ್ನೇ ಹುಟ್ಟಿಸಿದ್ರು. ಮೆಷಿನ್ ಥರ ತಪ್ಪದೆ ಬಡಿಯತ್ತೆ ನಿಜ, ಆದ್ರೆ ಒಳಗಿರೋ ಎರಡು ಬಾರ್ ಒಬ್ಬ ಮನುಷ್ಯನ ಕೈದು, ಅದಕ್ಕೇ ಕಾಲು ತಾನಾಗೇ ಅಲ್ಲಾಡತ್ತೆ.

ಅದೇ ವರ್ಷ ಡೋನಾ ಸಮರ್ ಅನ್ನೋ ಗಾಯಕಿಯ 'ಐ ಫೀಲ್ ಲವ್' ಬಂತು, ಮ್ಯೂನಿಕ್‌ನಲ್ಲಿ ಜಾರ್ಜಿಯೋ ಮೊರೋಡರ್ ಮಾಡಿದ್ದು, ಹೆಚ್ಚುಕಡಿಮೆ ಎಲ್ಲಾನೂ ಮೂಗ್ ಸಿಂಥಸೈಜರ್, ಅಂದ್ರೆ ಕರೆಂಟಿಂದ ಸದ್ದು ಹುಟ್ಟಿಸೋ ಮೆಷಿನ್. ಆ ಮೆಷಿನ್ ಸ್ವಲ್ಪ ಹೊತ್ತಿಗೇ ಶ್ರುತಿ ತಪ್ತಿತ್ತು, ತುಣುಕು ತುಣುಕಾಗಿ ರೆಕಾರ್ಡ್ ಮಾಡಿ ಜೋಡಿಸಬೇಕಿತ್ತು, ಕಿಕ್ ಡ್ರಮ್ ಸೌಂಡಂತೂ ಅದ್ರಲ್ಲಿ ಸರಿಯಾಗಿ ಬರ್ಲೇ ಇಲ್ಲ, ಕೊನೆಗೆ ಕೀತ್ ಫೋರ್ಸಿ ಅನ್ನೋ ಡ್ರಮ್ಮರ್ ಕಾಲಲ್ಲಿ ಒದ್ದು ಒದ್ದು ನುಡಿಸಿದ. ಭವಿಷ್ಯದ ಸಂಗೀತ ಅಂತ ಎಲ್ಲರೂ ಕೊಂಡಾಡೋ ಹಾಡಿಗೆ ತಾಳ ಹಾಕಿರೋದು ಒಬ್ಬ ಮನುಷ್ಯನ ಕಾಲು. ಇದನ್ನ ಗದ್ದಲ ಅನ್ನೋರು ಒಂದ್ಸಲ ಒಳ್ಳೇ ಹೆಡ್‌ಫೋನಲ್ಲಿ ಕೇಳ್ಬೇಕು.

1980ರಲ್ಲಿ ನಿಜವಾದ ಡ್ರಮ್ಸಿನ ಸದ್ದನ್ನೇ ಚಿಪ್ಪಲ್ಲಿ ತುಂಬಿಕೊಂಡ ಲಿನ್ ಡ್ರಮ್ ಮೆಷಿನ್ ಬಂತು, ಬಳೆ ಸುತ್ತೋ ಕೆಲಸ ಅಲ್ಲಿಂದ ಮುಗೀತಾ ಬಂತು. 80ರ ಹಾಡುಗಳು ಕೆಟ್ಟವು ಅಂತ ನಾನು ಹೇಳ್ತಿಲ್ಲ, ಆ ಜಗಳ ಬೇರೆ ದಿನ ಆಡೋಣ.

ಒಂದೇ ಹಾಡಿಂದ ಶುರು ಮಾಡೋದಾದ್ರೆ ಟೆನ್ ಸಿಸಿದು ಕೇಳಿ. ಮಧ್ಯದಲ್ಲಿ ಒಂದು ಹೆಣ್ಣು ದನಿ ಪಿಸುಗುಟ್ಟತ್ತೆ, ಅದು ಸ್ಟುಡಿಯೋದ ರಿಸೆಪ್ಷನಿಸ್ಟ್ ದನಿ, ಗಾಯಕಿ ಅಲ್ಲ. ಅಲ್ಲಿ ಮಾತಿಗೆ ಕಿವಿ ಕೊಡಬೇಡಿ, ಮಾತಿನ ಹಿಂದೆ ಗುಂಯ್ ಅಂತಿರತ್ತಲ್ಲ, ಅದಕ್ಕೆ ಕೊಡಿ. ನಿಮಗೆ ಅದು ಸರಿಯಾದ ಸ್ಪೀಡಲ್ಲೇ ಕೇಳ್ಸತ್ತೆ. ನಂಗೆ ಇವತ್ತಿಗೂ ಒಂಚೂರು ನಿಧಾನ ಅನ್ಸತ್ತೆ.