ಸಂಪಾದಕರ ಉತ್ತರ: ಕೆಟಿ, ಮೂಟ್ ಮತ್ತು ಎಡನೀರಿನ ಜಾಗ

(ಮುಂಬಯಿ ಹತ್ತಿರದ ಡೊಂಬಿವಲಿಯ ಓದುಗಿಯೊಬ್ಬರು ದೀಪಾವಳಿ ರಜೆಯಲ್ಲಿ ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಏಳನೆಯವರೆಗೆ ಮಹಾನಗರಪಾಲಿಕೆಯ ಕನ್ನಡ ಶಾಲೆ, ಆಮೇಲೆ ಬಿ.ಕಾಂ., ಈಗ ಮೂರು ವರ್ಷದ ಎಲ್‌ಎಲ್‌.ಬಿ.ಯ ಎರಡನೇ ವರ್ಷ. ಒಂದು ವಿಷಯದಲ್ಲಿ ಕೆಟಿ (ಫೇಲಾದ ವಿಷಯವನ್ನು ಮತ್ತೆ ಬರೆಯಬೇಕಾದ ಬಾಕಿ) ಬಿದ್ದಿದೆ. ಮೂಟ್ ಕೋರ್ಟಿನಲ್ಲಿ, ಅಂದರೆ ವಿದ್ಯಾರ್ಥಿಗಳು ವಾದ ಕಲಿಯುವ ಅಣಕು ನ್ಯಾಯಾಲಯದಲ್ಲಿ, ನಾಲಿಗೆ ತಡವರಿಸಿದಾಗ ಸಹಪಾಠಿಗಳು ನಕ್ಕಿದ್ದಾರೆ. 'ರಜೆಯಲ್ಲೂ ಪುಸ್ತಕ ಕಂಡರೆ ಎದೆ ಡವಡವ. ಕನ್ನಡ ಶಾಲೆಯಲ್ಲಿ ಓದಿದ್ದೇ ತಪ್ಪಾಯಿತೇ? ಬಿಟ್ಟುಬಿಡಲೇ?' ಎಂಬುದು ಅವರ ಪ್ರಶ್ನೆ.)

ತಂಗೀ,

ಮೊದಲು ಒಂದು ತಪ್ಪೊಪ್ಪಿಗೆ. ನಾನೂ ಕಾನೂನು ಓದಲು ಹೋಗಿ ಅರ್ಧಕ್ಕೇ ಬಿಟ್ಟವನು. ಬೆಳಿಗ್ಗೆ ಕ್ಲಾಸು, ಆಮೇಲೆ ರಾತ್ರಿಯವರೆಗೆ ಮುಂಬಯಿ ಫೋರ್ಟಿನ ಹೋಟೆಲೊಂದರ ಗಲ್ಲೆ. ಎರಡು ಕೆಟಿ ಬಿದ್ದವು. ಊರಿಗೆ ಬರೆದ ಕಾಗದದಲ್ಲಿ ಮಾತ್ರ ಎಲ್ಲದರಲ್ಲೂ ಪಾಸು! ಹಾಗಾಗಿ ಗೆದ್ದವನ ಗತ್ತಿನಲ್ಲಿ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ.

ಕನ್ನಡ ಶಾಲೆಯಿಂದ ಹೋದವರಿಗೆ ಇಂಗ್ಲಿಷ್ ತೀರ್ಪು ಕಷ್ಟವೇ ಅಲ್ಲ ಎಂದು ನಮ್ಮ ಸಂಘಗಳ ವೇದಿಕೆಯಲ್ಲಿ ಭಾಷಣ ಮಾಡುವವರನ್ನು ನಾನು ನಂಬುವುದಿಲ್ಲ. ಕಷ್ಟವೇ. ಒಂದು ವಾಕ್ಯ ಅರ್ಧ ಪುಟ ಓಡುತ್ತದೆ, ನಡುವೆ ಒಂದು 'ಪ್ರೊವೈಡೆಡ್ ದಟ್' (ಆದರೆ ಈ ಷರತ್ತಿನ ಮೇಲೆ) ಬಂದು ಅದುವರೆಗೆ ಹೇಳಿದ್ದನ್ನೆಲ್ಲ ತಲೆಕೆಳಗು ಮಾಡುತ್ತದೆ. ಅದರ ಮೇಲೆ ಶೇಕಡಾ 70ರ ಹಾಜರಿ, ಡೊಂಬಿವಲಿಯ ಲೋಕಲ್ ರೈಲು. ನಿಮ್ಮ ದಣಿವು ಸುಳ್ಳಲ್ಲ.

ಆದರೆ ನಿಮ್ಮೊಬ್ಬರಿಗೇ ಏನೂ ಗೊತ್ತಿಲ್ಲ ಅನ್ನುವುದನ್ನು ಒಪ್ಪಲಾರೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು, ಹಳೆಯ ದಂಡ ಸಂಹಿತೆಯಲ್ಲಿ ಕೊಲೆಯ ಕಲಮಾಗಿದ್ದ 302 ಹೋಗಿ 103 ಆಯಿತು. ಮುಂಬಯಿಯ ಮಕ್ಕಳ ಬಾಯಲ್ಲೂ ಇರುವ 'ಚಾರ್‌ಸೌಬೀಸ್', ಅಂದರೆ ವಂಚನೆಯ 420, ಈಗ 318ರೊಳಗೆ ಸೇರಿದೆ. ಅದಕ್ಕಿಂತ ಹಿಂದಿನ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯವಾಗುವುದರಿಂದ ಎರಡನ್ನೂ ತಿಳಿದಿರಬೇಕು. ತಲೆ ನರೆತ ವಕೀಲರೂ ಹಳೆ-ಹೊಸ ಕಲಮುಗಳ ಪಟ್ಟಿ ಹಿಡಿದು ಕೂರುವ ಕಾಲ ಇದು.

ಕೇಶವಾನಂದ ಭಾರತಿ ಪ್ರಕರಣ ನಿದ್ದೆಗೆಡಿಸಿತು ಎಂದಿದ್ದೀರಿ. ಅದು ನಮ್ಮ ಮನೆಯಂಗಳದ ಕತೆ ಎಂದು ಕ್ಲಾಸಿನಲ್ಲಿ ಯಾರಾದರೂ ಹೇಳಿದರೇ? ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳಾಗಿದ್ದರು ಅವರು, ಯಕ್ಷಗಾನವೆಂದರೆ ಪ್ರಾಣವಾಗಿತ್ತು. ಕೇರಳದ ಭೂಸುಧಾರಣೆ ಕಾನೂನಿನಲ್ಲಿ ಮಠದ ಜಾಗ ಹೋಗುತ್ತದೆಂದು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಪರ ವಾದಿಸಿದ್ದು ನಮ್ಮ ಮುಂಬಯಿಯ ವಕೀಲ ನಾನಿ ಪಾಲ್ಖಿವಾಲಾ. ಜಾಗದ ವ್ಯಾಜ್ಯ ಬೆಳೆದು, ಸಂಸತ್ತು ಸಂವಿಧಾನವನ್ನು ಎಷ್ಟರಮಟ್ಟಿಗೆ ತಿದ್ದಬಹುದು ಎಂಬ ಪ್ರಶ್ನೆಯಾಯಿತು. 13 ನ್ಯಾಯಮೂರ್ತಿಗಳು, 68 ದಿನಗಳ ವಿಚಾರಣೆ. 1973ರ ಏಪ್ರಿಲ್ 24ರಂದು 7-6ರ ತೀರ್ಪು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ.

ಕ್ಯಾಂಟೀನ್ ಮುಚ್ಚಿ ತಂದೆ ಮನೆಗೆ ಬಂದ ಮೇಲೆ ಇದನ್ನು ಅವರಿಗೆ ಹೇಳಿನೋಡಿ, ಮನೆಯ ತುಳುವಿನಲ್ಲೇ. ಒಂದೇ ಒಂದು ಇಂಗ್ಲಿಷ್ ಪದ ಬೇಡ. 'ಕಡೆಗೆ ಸ್ವಾಮಿಗಳಿಗೆ ಜಾಗ ಸಿಕ್ಕಿತಾ?' ಎಂದು ಅವರು ಕೇಳಿಯೇ ಕೇಳುತ್ತಾರೆ. ಸಿಗಲಿಲ್ಲ. ಕೋರ್ಟು ಕಟ್ಟಿದ ಸಿದ್ಧಾಂತ ಬೇರೆ, ಅರ್ಜಿದಾರನ ಕೈಗೆ ಬಂದ ಪರಿಹಾರ ಬೇರೆ ಎಂಬುದು ಆಗ ನಿಮಗೆ ಎಷ್ಟು ಚೆನ್ನಾಗಿ ಹೊಳೆಯುತ್ತದೆ ನೋಡಿ. ನಾನು ಗೈಡು ಉರುಹೊಡೆಯುತ್ತಿದ್ದೆ. ಯಾರು ಯಾರ ಮೇಲೆ ಏತಕ್ಕೆ ದಾವೆ ಹೂಡಿದರು ಎಂದು ಕೇಳಿದ್ದರೆ ಬೆಬ್ಬೆಬ್ಬೆ ಅನ್ನುತ್ತಿದ್ದೆ.

ಬಿಡುವ ಮಾತು. ನಾನು ಬಿಟ್ಟದ್ದು ಇಂಥದೇ ರಜೆಯಲ್ಲಿ, ಊರಿನ ಚಾವಡಿಯಲ್ಲಿ ಮಲಗಿಕೊಂಡು. ಅಲ್ಲಿಂದ ನೋಡಿದರೆ ಕಾಲೇಜು ಬರೀ ರಾಕ್ಷಸನಂತೆ ಕಾಣುತ್ತಿತ್ತು. ಜತೆಗೆ ಟಪ್ಪರಿಯ (ಬೀದಿಬದಿಯ ಅಂಗಡಿಯ) ಚಹಾ ಕುಡಿಯುತ್ತಿದ್ದ ಗೆಳೆಯರ ಮುಖ ಕಾಣುತ್ತಿರಲಿಲ್ಲ. ಬಿಡಲೇಬೇಕಾದರೆ ಕಾಲೇಜು ತೆರೆದ ಮೇಲೆ, ಕೆಟಿ ಪರೀಕ್ಷೆ ಬರೆದ ಮೇಲೆ ಬಿಡಿ. ಆಗ ನಾನು ಬೇಡ ಅನ್ನುವುದಿಲ್ಲ.

ಇನ್ನೊಂದು. ಮೂಟ್ ಬಗ್ಗೆ ಒಂದೂವರೆ ಪುಟ ಬರೆದಿದ್ದೀರಿ: ಯಾರು ನಕ್ಕರು, ಯಾರು ಮುಖ ತಿರುಗಿಸಿದರು, ಬಾಡಿಗೆಯ ಕೋಟು ಎಷ್ಟು ದೊಗಳೆಯಾಗಿತ್ತು, ಎಲ್ಲ ಇದೆ. ಪೀಠದಲ್ಲಿದ್ದವರು ನಿಮ್ಮನ್ನು ಏನು ಕೇಳಿದರು ಎಂಬುದು ಮಾತ್ರ ಇಲ್ಲ. ಮುಂದಿನ ಕಾಗದದಲ್ಲಿ ಅದನ್ನು ಬರೆಯಿರಿ.

-ಸಂ.