ಪೋಲೊ ಕಟ್ಟಿಸೋದಾ, ಆರ್‌ಎಸ್ ಕೊಳ್ಳೋದಾ?

ಹುಬ್ಬಳ್ಳಿಯ ಓದುಗರೊಬ್ಬರ ಹತ್ತಿರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಇದೆ. ದೊಡ್ಡ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಹಾಕಿಸಿ ಅದರ ಶಕ್ತಿಯನ್ನು 200 ಪಿಎಸ್‌ಗೆ (ಅಶ್ವಶಕ್ತಿಯ ಒಂದು ಅಳತೆ) ಏರಿಸಲೋ, ಇಲ್ಲಾ ಮಾರಿ, ಕೂಡಿಟ್ಟ ದುಡ್ಡು ಸೇರಿಸಿ ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ತಗೊಳ್ಳಲೋ ಎಂದು ಕೇಳಿದ್ದಾರೆ. ‘ಕೊಂಡ ಕಾರು ಯಾರದ್ದಾದರೂ ಆಗಬಹುದು, ಕಟ್ಟಿಸಿದ್ದು ನನ್ನದೇ’ ಎಂದೂ ಬರೆದಿದ್ದಾರೆ.

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಮಾತು ಇಷ್ಟವಾಯಿತು. ಆದರೂ ನಮ್ಮ ಓಟು ಆರ್‌ಎಸ್‌ಗೇ.

ಎಂಜಿನ್ನಿನ ಶಕ್ತಿ ಏರಿಸುವುದು ದೊಡ್ಡ ಕೆಲಸವಲ್ಲ. ಲ್ಯಾಪ್‌ಟಾಪ್ ಹಿಡಿದು ಕೂತರೆ ಟ್ಯೂನರ್ ಒಂದು ಮಧ್ಯಾಹ್ನದಲ್ಲಿ ರೀಮ್ಯಾಪ್, ಅಂದರೆ ಎಂಜಿನ್ ನಿಯಂತ್ರಿಸುವ ಸಾಫ್ಟ್‌ವೇರ್ ಬದಲಿಸುವ ಕೆಲಸ, ಮುಗಿಸುತ್ತಾರೆ. ತಾಪತ್ರಯ ಆಮೇಲಿನದು. ನಿಮ್ಮ ಪೋಲೊ ಶೋರೂಮಿನಿಂದ ಬಂದಾಗ 105 ಪಿಎಸ್, 175 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್, ಅಂದರೆ ತಿರುಗಿಸುವ ಬಲ. ಅದರ 7 ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿರುವುದು ಆಯಿಲಿನಲ್ಲಿ ಮುಳುಗಿರದ ಡ್ರೈ ಕ್ಲಚ್. ತಯಾರಕರೇ ಅದಕ್ಕೆ ಹಾಕಿದ ಮಿತಿ 250 ಎನ್‌ಎಂ. ರೀಮ್ಯಾಪ್ ಮಾಡಿಸಿದರೆ ಆ ಗೆರೆಯ ಹತ್ತಿರ ಹೋಗುತ್ತೀರಿ, ದೊಡ್ಡ ಟರ್ಬೊ ಹಾಕಿಸಿದರೆ ದಾಟಿಯೇ ಬಿಡುತ್ತೀರಿ. ಕ್ಲಚ್ ಬಿಸಿಯಾಗಿ ಜಾರತೊಡಗಿದರೆ ಟ್ರಾಫಿಕ್ಕಿನಲ್ಲಿ ಫಸ್ಟಿನಿಂದ ಸೆಕೆಂಡಿಗೆ ಬೀಳುವಾಗ ಗಾಡಿ ನಡುಗುತ್ತದೆ. ಸರಿ, ಕ್ಲಚ್ ಬದಲಿಸಿದಿರಿ ಅನ್ನೋಣ. ಹಿಂದಿನ ಚಕ್ರಗಳಿಗೆ ಇನ್ನೂ ಡ್ರಮ್ ಬ್ರೇಕೇ ಅಲ್ವಾ? ಬ್ರೇಕ್ ಆಯಿತು ಅಂದರೆ ಟೈರು, ಟೈರು ಆಯಿತು ಅಂದರೆ ಸಸ್ಪೆನ್ಷನ್. ಲಂಗೋಟಿಗೆ ಇಲಿ ಕಾಟ ಅಂತ ಬೆಕ್ಕು ಸಾಕಿದ ಸನ್ಯಾಸಿ ಕೊನೆಗೆ ಸಂಸಾರಿಯಾದನಲ್ಲ, ಹಾಗೆ. ಇಷ್ಟೆಲ್ಲ ಹಾಕಿದ ದುಡ್ಡು ಮಾರುವಾಗ ವಾಪಸ್ ಬರುವುದಿಲ್ಲ.

2017ರಲ್ಲಿ ನಮ್ಮಲ್ಲಿಗೆ ಬಂದ ಆರ್‌ಎಸ್ 230 ನೋಡಿ. 2 ಲೀಟರ್ ಎಂಜಿನ್, 230 ಪಿಎಸ್, 350 ಎನ್‌ಎಂ. ಆ ಟಾರ್ಕ್ ತಡೆದುಕೊಳ್ಳಲೆಂದೇ ಆಯಿಲಿನಲ್ಲಿ ಮುಳುಗಿರುವ ವೆಟ್ ಕ್ಲಚ್, ನಾಲ್ಕೂ ಚಕ್ರಕ್ಕೆ ಡಿಸ್ಕ್. ಒಂದಕ್ಕೊಂದು ಹೊಂದುವಂತೆ ಕಂಪನಿಯವರೇ ಕೂರಿಸಿ, ಬಿಸಿಲಲ್ಲೂ ಚಳಿಯಲ್ಲೂ ಓಡಿಸಿ ನೋಡಿದ ಗಾಡಿ ಅದು.

ಕಾನೂನೂ ಇದೆ. ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ತಿಳಿಸದೆ ಮಾಡಿಸಿದ ಬದಲಾವಣೆ ಇನ್ಶೂರೆನ್ಸ್ ಕ್ಲೇಮಿಗೂ ಅಡ್ಡ ಬರಬಹುದು.

ಇಷ್ಟು ಹೇಳಿದರೂ ನಿಮ್ಮ ಆಸೆ ಬಿಡುವುದಿಲ್ಲ, ಗೊತ್ತು. ಸ್ಪ್ಯಾನರ್ ಹಿಡಿಯುವ ಖುಷಿಯೇ ಬೇಕಿದ್ದರೆ ಪೋಲೊವನ್ನು ಸ್ವಲ್ಪ ದಿನ ಇಟ್ಟುಕೊಳ್ಳಿ. ಎಂಜಿನ್ ಮುಟ್ಟಬೇಡಿ. ಒಳ್ಳೆಯ ಟೈರು, ಒಳ್ಳೆಯ ಬ್ರೇಕ್ ಪ್ಯಾಡು, ಹೊಸ ಬ್ರೇಕ್ ಆಯಿಲ್ ಹಾಕಿಸಿ, ಟ್ರ್ಯಾಕ್ ಡೇ (ರೇಸ್ ಟ್ರ್ಯಾಕಿನಲ್ಲಿ ನಮ್ಮ ಗಾಡಿ ಓಡಿಸಲು ಬಿಡುವ ದಿನ) ಇದ್ದಾಗ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿ. ಅದು ಬರೀ 2.1 ಕಿಲೋಮೀಟರಿನ ಟ್ರ್ಯಾಕು. 105 ಪಿಎಸ್ಸಿಗೇ ಕೈತುಂಬಾ ಕೆಲಸ ಸಿಗುತ್ತದೆ.

ಆರ್‌ಎಸ್ ನೋಡಲು ಹೋದಾಗ ಒಂದು ಎಚ್ಚರ. ‘ಸ್ಟಾಕ್ ಗಾಡಿ ಸರ್’ (ಕಂಪನಿ ಕೊಟ್ಟ ಹಾಗೇ ಇದೆ) ಅಂದರೆ ಸುಮ್ನೆ ನಂಬಬೇಡಿ. ರೀಮ್ಯಾಪ್ ಮಾಡಿ ಓಡಿಸಿ, ಮಾರುವ ಮುಂಚೆ ಕಂಪನಿಯ ಹಳೆಯ ಸಾಫ್ಟ್‌ವೇರ್ ಫೈಲ್ ವಾಪಸ್ ಹಾಕಿಸುವವರು ಇದ್ದಾರೆ. ಸರ್ವಿಸ್ ದಾಖಲೆ ಕೇಳಿ. ಗೇರ್‌ಬಾಕ್ಸ್ ಆಯಿಲ್ ಯಾವಾಗ ಬದಲಾಯಿತು ನೋಡಿ. ಅಡ್ವಾನ್ಸ್ ಕೊಡುವ ಮೊದಲೇ ಗಾಡಿಯನ್ನು ಅದರ ಕಂಪ್ಯೂಟರ್ ಓದುವ ಸ್ಕ್ಯಾನರ್‌ಗೆ ಹಾಕಿಸಿ.