ಮಳೆಗಾಲಕ್ಕೊಂದು ಟೈರ್, ಬೇಸಿಗೆಗೊಂದು ಟೈರ್ ಬೇಕಾ?

ಮೇ ತಿಂಗಳು ಬಂತೆಂದರೆ ನನಗೆ ಬರುವ ಪ್ರಶ್ನೆಗಳೆಲ್ಲ ಟೈರಿನದೇ. ಜೂನ್ ದಾಟಿದರೆ ಯಾರೂ ಕೇಳುವುದಿಲ್ಲ, ನೇರ ಅಂಗಡಿಗೇ ಬರುತ್ತಾರೆ, ಅದರಲ್ಲಿ ಕೆಲವರು ಕಾರನ್ನು ಇನ್ನೊಂದು ಗಾಡಿಗೆ ಕಟ್ಟಿಸಿಕೊಂಡು. ಈ ಸಲ ಆರು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಹಾಸನದಲ್ಲಿದ್ದೇನೆ, ವಾರಕ್ಕೊಮ್ಮೆ ಶಿರಾಡಿ ಇಳಿದು ಮಂಗಳೂರಿಗೆ ಹೋಗಿ ಬರಬೇಕು. 2018ರ ಸ್ವಿಫ್ಟ್, 46 ಸಾವಿರ ಕಿ.ಮೀ. ಓಡಿದೆ, ಕಂಪನಿಯಿಂದ ಬಂದ 165/80 ಆರ್14 ಟೈರೇ ಇದೆ. ಹೋದ ಮಳೆಗಾಲದಲ್ಲಿ ನೀರು ನಿಂತ ಕಡೆ ಸ್ಟೀರಿಂಗ್ ಒಮ್ಮೆಲೇ ಹಗುರಾಗಿ ಕಾರು ತೇಲಿದ ಹಾಗಾಯಿತು. ಮೆಕ್ಯಾನಿಕ್ ಮಾತ್ರ "ಗ್ರಿಪ್ ಇನ್ನೂ ಇದೆ, ಒಂದು ವರ್ಷ ಓಡಿಸಿ" ಅಂತಾರೆ. ಮಳೆಗಾಲಕ್ಕೆ ಅಂತಲೇ ಬೇರೆ ಟೈರ್ ಸಿಗುತ್ತಾ? ಅಗಲದ ಟೈರ್ ಹಾಕಿಸಿದರೆ ಒಳ್ಳೇದಾ?

ಉತ್ತರ: ತೇಲಿದ ಹಾಗಾಗಿದ್ದಲ್ಲ, ನಿಜವಾಗಿಯೂ ತೇಲಿದೆ. ಒಂದು ಸಣ್ಣ ಲೆಕ್ಕ ಹಾಕೋಣ. ನಿಮ್ಮ ಟೈರು ನೆಲಕ್ಕೆ ತಾಗುವ ಅಗಲ ಸುಮಾರು 150 ಮಿ.ಮೀ. ಅಂತಿಟ್ಟುಕೊಳ್ಳಿ. ರಸ್ತೆ ಮೇಲೆ 3 ಮಿ.ಮೀ. ನೀರಿದೆ, ನೀವು 80ರಲ್ಲಿ ಹೋಗ್ತಿದ್ದೀರಿ. ಆಗ ಒಂದೊಂದು ಮುಂದಿನ ಟೈರೂ ಸೆಕೆಂಡಿಗೆ ಸುಮಾರು 10 ಲೀಟರ್ ನೀರನ್ನು ದಾರಿಯಿಂದ ಆಚೆ ತಳ್ಳಬೇಕು. ಹೆಚ್ಚುಕಮ್ಮಿ ಸೆಕೆಂಡಿಗೊಂದು ಕೊಡ ನೀರು! ಆ ನೀರು ಹೋಗಲಿಕ್ಕೆ ಇರುವ ಮೋರಿ ಅಂದರೆ ಟೈರಿನ ಮೇಲಿನ ಕೊರಕಲು (ಗ್ರೂವ್), ಅಷ್ಟೇ. ಹೊಸ ಟೈರಲ್ಲಿ ಅದು 7-8 ಮಿ.ಮೀ. ಆಳ ಇರುತ್ತದೆ. ಸವೆದು 2 ಮಿ.ಮೀ.ಗೆ ಬಂದರೆ ಮೋರಿ ಕಟ್ಟಿಕೊಂಡ ಹಾಗೆ. ನೀರು ಹೋಗಲು ಜಾಗ ಸಿಗದೆ ಟೈರಿನಡಿಗೆ ನುಗ್ಗುತ್ತದೆ, ಕಾರು ಅದರ ಮೇಲೆ ಕೂರುತ್ತದೆ. ಆಮೇಲೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ.

ಗ್ರಿಪ್ ಇದೆಯೋ ಇಲ್ಲವೋ ಅಂತ ದೂರದಿಂದ ನೋಡಿ ಹೇಳಬಾರದು. ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ ನಿಲ್ಲಿಸಿ, ಕೂತು, ಕೊರಕಲಿನೊಳಗೆ ಬೆರಳಾಡಿಸಿ. ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ದಿಬ್ಬ ಕೈಗೆ ಸಿಗುತ್ತದೆ. ಅದರ ಎತ್ತರ 1.6 ಮಿ.ಮೀ. ಟೈರು ಅದರ ಮಟ್ಟಕ್ಕೆ ಸವೆದರೆ ನಮ್ಮ ಕಾನೂನಿನ ಪ್ರಕಾರವೂ ಕಾರು ರಸ್ತೆಗೆ ಇಳಿಯುವ ಹಾಗಿಲ್ಲ. ಆದರೆ ಅದು ಕಾನೂನಿನ ಗೆರೆ, ಮಾರನಹಳ್ಳಿ ದಾಟಿ ಜುಲೈ ಮಳೆಯಲ್ಲಿ ಗುಂಡ್ಯದ ಕಡೆ ಇಳಿಯುವವರ ಗೆರೆ ಅಲ್ಲ. ಘಾಟಿ ಓಡಾಟ ಇರುವವರಿಗೆ ನಾನು 3 ಮಿ.ಮೀ.ಗೇ ಬದಲಾಯಿಸಿ ಅಂತೀನಿ. ಬೈಯ್ಯುತ್ತಾರೆ, ಬೈಸಿಕೊಳ್ತೀನಿ.

ನಿಮ್ಮ ವಿಷಯದಲ್ಲಿ ಆಳಕ್ಕಿಂತ ದೊಡ್ಡ ಸಮಸ್ಯೆ ವಯಸ್ಸು. ಟೈರಿನ ಪಕ್ಕದಲ್ಲಿ ಉದ್ದುದ್ದ ಮೊಟ್ಟೆ ಆಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2318 ಅಂತಿದ್ದರೆ 2018ರ 23ನೇ ವಾರ ತಯಾರಾದದ್ದು. ಅಂದರೆ ಓಡಿದ್ದು ಕಮ್ಮಿಯಾದರೂ ಏಳೆಂಟು ವರ್ಷ ಬಿಸಿಲು ಕುಡಿದ ರಬ್ಬರು. ಅದು ಗಟ್ಟಿಯಾಗಿರುತ್ತದೆ. ಹೊಸ ಟೈರಿಗೆ ಉಗುರು ಒತ್ತಿ ನೋಡಿ, ಆಮೇಲೆ ನಿಮ್ಮದಕ್ಕೆ ಒತ್ತಿ ನೋಡಿ, ಮೀಟರ್ ಏನೂ ಬೇಡ. ಐದು ವರ್ಷ ಆದ ಮೇಲೆ ಪ್ರತಿ ವರ್ಷ ತೋರಿಸಬೇಕು, ಹತ್ತು ವರ್ಷ ಆದರೆ ಎಷ್ಟೇ ಚೆನ್ನಾಗಿ ಕಂಡರೂ ತೆಗೆದು ಹಾಕಬೇಕು. ನಿಮ್ಮ ನಾಲ್ಕನ್ನೂ ನಾನಾದರೆ ಈ ಮಳೆಗೆ ಮುಂಚೆ ತೆಗೆಸುತ್ತಿದ್ದೆ.

ಮಳೆಗಾಲದ ಟೈರ್ ಅಂತ ಬೇರೆ ಇಲ್ಲ. ನಮ್ಮಲ್ಲಿ ಕಾರಿಗೆ ಸಿಗುವ ಮಾಮೂಲಿ ಟೈರೇ ಬಿಸಿಲು, ಮಳೆ ಎರಡಕ್ಕೂ ಮಾಡಿದ್ದು. ಅದರಲ್ಲೇ ಆರಿಸಬೇಕು. ಸುತ್ತಲೂ ಉದ್ದಕ್ಕೆ ಮೂರ್ನಾಲ್ಕು ಅಗಲದ ಕೊರಕಲು ಇರುವಂಥದ್ದು ನೋಡಿ. "ತುಂಬಾ ವರ್ಷ ಬಾಳಿಕೆ ಬರುತ್ತೆ ಸಾರ್" ಅಂತ ಹೊಗಳಿ ಮಾರುವ ಟೈರಿನ ರಬ್ಬರು ಸಾಮಾನ್ಯವಾಗಿ ಸ್ವಲ್ಪ ಗಡಸು, ಒದ್ದೆ ರಸ್ತೆ ಹಿಡಿಯುವುದರಲ್ಲಿ ಹಿಂದೆ. ನಿಮ್ಮ ಓಡಾಟಕ್ಕೆ ಹತ್ತು ಸಾವಿರ ಕಿ.ಮೀ. ಬಾಳಿಕೆ ಬಿಟ್ಟುಕೊಟ್ಟು ಹಿಡಿತ ತಗೊಳ್ಳಿ.

ಅಗಲದ ವಿಷಯ. ಅಳತೆಯಲ್ಲಿ ಮೊದಲ ಅಂಕಿಯೇ ಟೈರಿನ ಅಗಲ, ಮಿ.ಮೀ. ಲೆಕ್ಕದಲ್ಲಿ. 165/80 ಆರ್14ರ ಜಾಗಕ್ಕೆ 185/70 ಆರ್14 ಹಾಕಿಸುವವರು ತುಂಬಾ ಜನ. ಲೆಕ್ಕಕ್ಕೆ ಸರಿಹೋಗುತ್ತದೆ. ಮೊದಲಿನದರ ಎತ್ತರ ಸುಮಾರು 620 ಮಿ.ಮೀ., ಇದರದ್ದು ಸುಮಾರು 615. ಸ್ಪೀಡೋಮೀಟರ್ ಹಾದಿ ತಪ್ಪುವುದಿಲ್ಲ, ಒಣ ರಸ್ತೆಯಲ್ಲಿ ತಿರುವುಗಳಲ್ಲಿ ಕಾರು ಚೆನ್ನಾಗಿಯೇ ಕೂರುತ್ತದೆ. ಆದರೆ ಅಗಲ ಜಾಸ್ತಿಯಾದಷ್ಟೂ ತಳ್ಳಬೇಕಾದ ನೀರೂ ಜಾಸ್ತಿ, ಬೇಗ ತೇಲುತ್ತದೆ. ಪೆಟ್ರೋಲೂ ಸ್ವಲ್ಪ ಕೇಳುತ್ತದೆ. ನಿಮಗೆ ಬೇಡ, ಮೂಲ ಅಳತೆಯಲ್ಲೇ ಇರಿ.

ಪ್ರಶ್ನೆ: ಸದ್ಯಕ್ಕೆ ಎರಡೇ ಟೈರಿಗೆ ದುಡ್ಡಿದೆ. ಮುಂದಕ್ಕೆ ಹಾಕಿಸಲಾ, ಹಿಂದಕ್ಕಾ? (ತೀರ್ಥಹಳ್ಳಿ)

ಉತ್ತರ: ಹಿಂದಕ್ಕೆ. ಈಗಿರುವುದರಲ್ಲಿ ಚೆನ್ನಾಗಿರುವ ಎರಡನ್ನು ಮುಂದಕ್ಕೆ ತನ್ನಿ.

ಇದನ್ನು ಅಂಗಡಿಯಲ್ಲಿ ಹೇಳಿದರೆ ಅರ್ಧ ಜನ ಒಪ್ಪುವುದಿಲ್ಲ. ಇಂಜಿನ್ ಮುಂದಿದೆ, ಸ್ಟೀರಿಂಗ್ ಮುಂದಿದೆ, ಸವೆಯುವುದೂ ಮುಂದಿನದೇ, ಹೊಸದು ಹಿಂದಕ್ಕೆ ಯಾಕೆ ಅಂತ. ಒದ್ದೆಯಲ್ಲಿ ಮುಂದಿನ ಟೈರು ಜಾರಿದರೆ ಕಾರು ತಿರುಗದೆ ನೇರ ಹೋಗುತ್ತದೆ. ಸ್ಟೀರಿಂಗ್ ಹಗುರಾದದ್ದು ಕೈಗೆ ಗೊತ್ತಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಹೆಚ್ಚಿನ ಸಲ ಮತ್ತೆ ಹಿಡಿತ ಸಿಗುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿ. ಆಗುಂಬೆ ಸುತ್ತಿನಲ್ಲಿ ಬುಗುರಿಯನ್ನು ನಿಲ್ಲಿಸುವಷ್ಟು ಡ್ರೈವಿಂಗ್ ನನಗೂ ಬರುವುದಿಲ್ಲ, ನಿಮಗೂ ಬರುವುದಿಲ್ಲ.

ಪ್ರಶ್ನೆ: ಕಲಬುರಗಿ. ಬೇಸಿಗೆಯಲ್ಲಿ 42 ಡಿಗ್ರಿ. ಟೈರ್ ಸಿಡಿಯುತ್ತೆ ಅಂತ ಎಲ್ಲರೂ ಏಪ್ರಿಲ್‌ನಿಂದ ಗಾಳಿ ನಾಲ್ಕೈದು ಪಾಯಿಂಟ್ ಕಮ್ಮಿ ಹಾಕಿಸುತ್ತಾರೆ. ಸರಿನಾ? ನೈಟ್ರೋಜನ್ ಹಾಕಿಸಿದರೆ ಸಿಡಿಯಲ್ಲವಾ?

ಉತ್ತರ: ಪೂರ್ತಿ ಉಲ್ಟಾ. ಬೇಸಿಗೆಯಲ್ಲಿ ಸಿಡಿಯುವ ಟೈರುಗಳಲ್ಲಿ ಗಾಳಿ ಹೆಚ್ಚಾಗಿ ಸಿಡಿದದ್ದಕ್ಕಿಂತ ಕಮ್ಮಿಯಾಗಿ ಸಿಡಿದದ್ದೇ ಜಾಸ್ತಿ. ಗಾಳಿ ಕಮ್ಮಿ ಇದ್ದಾಗ ಟೈರಿನ ಪಕ್ಕೆ ಒಂದೊಂದು ಸುತ್ತಿಗೂ ಮಡಚಿ ಬಿಚ್ಚುತ್ತದೆ. ಒಂದು ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಗ್ಗಿಸುತ್ತಾ ಹೋಗಿ, ಬಗ್ಗುವ ಜಾಗ ಸುಡುತ್ತದೆ, ಆಮೇಲೆ ಮುರಿಯುತ್ತದೆ. ಟೈರಿನ ಕಥೆಯೂ ಅದೇ. ಐದು ಜನ, ಡಿಕ್ಕಿ ತುಂಬಾ ಸಾಮಾನು, 100ರ ಮೇಲೆ ವೇಗ, ಅದರ ಜೊತೆಗೆ ಐದು ಪಾಯಿಂಟ್ ಕಮ್ಮಿ ಗಾಳಿ. ಮುಗೀತು.

ಶಾಖ ಐದಾರು ಡಿಗ್ರಿ ಏರಿದರೆ ಗಾಳಿ ಸುಮಾರು 1 ಪಾಯಿಂಟ್ ಏರುತ್ತದೆ. ಬೆಳಗ್ಗೆ 33 ಇದ್ದದ್ದು ಹೆದ್ದಾರಿಯಲ್ಲಿ ಓಡಿದ ಮೇಲೆ 38 ತೋರಿಸಿದರೆ ಗಾಬರಿ ಬೇಡ, ಟೈರ್ ಮಾಡಿದವರಿಗೆ ಅದು ಗೊತ್ತಿತ್ತು. ಬಿಸಿ ಇರುವಾಗ ಗಾಳಿ ಬಿಡಿಸಬೇಡಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಅಳತೆಯ ಸ್ಟಿಕ್ಕರ್ ಇರುತ್ತದೆ. ಅಷ್ಟನ್ನೇ, ಬೆಳಗ್ಗೆ ಕಾರು ತಣ್ಣಗಿರುವಾಗ ಹಾಕಿಸಿ. ತುಂಬಿದ ಗಾಡಿಗೆ ಅಂತ ಬೇರೆ ಅಂಕಿ ಕೊಟ್ಟಿದ್ದರೆ ಊರಿಗೆ ಹೊರಡುವಾಗ ಅದು.

ನೈಟ್ರೋಜನ್ ತಪ್ಪಲ್ಲ, ಸ್ವಲ್ಪ ನಿಧಾನಕ್ಕೆ ಸೋರುತ್ತದೆ. ಆದರೆ ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ, ಅದಂತೂ ಬಿಟ್ಟಿ. ಹೊಸ ಟೈರ್ ಕೊಳ್ಳುವಾಗ ಬೇರೆ ಒಂದು ನೋಡಿ. ಅಳತೆಯ ಪಕ್ಕ 88ಎಚ್ ಅಂತ ಬರೆದಿರುತ್ತದೆ. 88 ಅಂದರೆ ಒಂದು ಟೈರು 560 ಕಿಲೋ ಹೊರುತ್ತದೆ, ಎಚ್ ಅಂದರೆ 210 ಕಿ.ಮೀ. ವೇಗ ತಡೆಯುತ್ತದೆ. 210ರಲ್ಲಿ ಯಾರು ಹೋಗ್ತಾರೆ ಅಂತ ಟಿ ತಗೊಳ್ಳಬೇಡಿ, ಅದು 190ರದ್ದು. ವೇಗ ತಡೆಯುವುದು ಅಂದರೆ ಶಾಖ ತಡೆಯುವುದು ಅಂತಲೇ ಅರ್ಥ, ನಿಮ್ಮೂರಿಗೆ ಬೇಕಾದದ್ದು ಅದೇ. ಕಂಪನಿ ಕೊಟ್ಟ ಅಕ್ಷರಕ್ಕಿಂತ ಕೆಳಗೆ ಇಳಿಯಬಾರದು. ಇನ್ನು ಜಾಲಿಮುಳ್ಳು ಪಕ್ಕೆಗೆ ಚುಚ್ಚಿದರೆ ಪ್ಲಗ್ ಹಾಕಿಸಿ ಓಡಿಸಬೇಡಿ. ಪಂಚರ್ ರಿಪೇರಿ ಏನಿದ್ದರೂ ನೆಲಕ್ಕೆ ತಾಗುವ ಭಾಗಕ್ಕೆ ಮಾತ್ರ.

ಪ್ರಶ್ನೆ: ಮೂಡಿಗೆರೆ ಹತ್ತಿರ ಕಾಫಿ ತೋಟ. ಬೊಲೆರೊ ಇದೆ. ಮಳೆಗಾಲದಲ್ಲಿ ಗೇಟಿನಿಂದ ಮನೆವರೆಗೆ ಕೆಸರು, ಹತ್ತುವುದೇ ಇಲ್ಲ. ಆಲ್ ಟೆರೇನ್ ಟೈರ್ ಹಾಕಿಸಲಾ?

ಉತ್ತರ: ಮೊದಲು ಎಷ್ಟು ದೂರ ಕೆಸರು ಅಂತ ಹೇಳಬೇಕಿತ್ತು ನೀವು. 100 ಮೀಟರ್ ಆದರೆ ಆ ದುಡ್ಡಿಗೆ ಏರಿನ ಜಾಗಕ್ಕೆ ಒಂದೆರಡು ಲೋಡ್ ಜಲ್ಲಿ ಹಾಕಿಸಿ, ಟೈರಿನ ಮಾತೇ ಬೇಡ.

ಎರಡು ಮೂರು ಕಿ.ಮೀ. ಇದ್ದರೆ ಹಾಕಿಸಿ. ಮಾಮೂಲಿ ರಸ್ತೆ ಟೈರಿನ ಸಣ್ಣ ಕೊರಕಲಿಗೆ ಮಲೆನಾಡಿನ ಕೆಂಪು ಮಣ್ಣು ಹೂರಣದ ಹಾಗೆ ತುಂಬಿಕೊಳ್ಳುತ್ತದೆ, ಎರಡು ಸುತ್ತಿಗೆ ಟೈರು ನುಣ್ಣಗೆ. ಆಲ್ ಟೆರೇನ್‌ನಲ್ಲಿ ಸಂದು ದೊಡ್ಡದು, ತಿರುಗುವಾಗ ಮಣ್ಣನ್ನು ಎಸೆದು ಚೊಕ್ಕ ಮಾಡಿಕೊಳ್ಳುತ್ತದೆ. ಆದರೆ ಡಾಂಬರಿನ ಮೇಲೆ ಗುಂಯ್ ಅನ್ನುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಒದ್ದೆ ಡಾಂಬರಲ್ಲಿ ಬ್ರೇಕಿಗೆ ಸಾಮಾನ್ಯವಾಗಿ ರಸ್ತೆ ಟೈರಿನಷ್ಟು ನಿಲ್ಲುವುದಿಲ್ಲ. ದಿನಾ ಚಾರ್ಮಾಡಿ ಇಳಿಯುವವರಾದರೆ ಎರಡು ಸಲ ಯೋಚಿಸಿ. ಅದಕ್ಕಿಂತ ಗಡುಸಾದ ಮಡ್ ಟೈರ್ ನಿಮಗೆ ಬೇಡವೇ ಬೇಡ, ಅದು ಶೋಕಿ. ಹಾಕಿಸಿದರೆ ನಾಲ್ಕೂ ಒಂದೇ ಬಗೆ ಇರಲಿ. ವರ್ಷಕ್ಕೆ ಹತ್ತು ದಿನದ ಕಷ್ಟಕ್ಕೆ ನಮ್ಮ ಹಳೇ ಜೀಪಿನವರ ಉಪಾಯವೇ ಸಾಕು, ಹಿಂದಿನ ಚಕ್ರಕ್ಕೆ ಚೈನ್ ಕಟ್ಟಿ. ಟಾರ್ ರೋಡಿಗೆ ಬಂದ ತಕ್ಷಣ ಬಿಚ್ಚಲು ಮರೀಬೇಡಿ.

ಪ್ರಶ್ನೆ: ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಆರು ತಿಂಗಳು. ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ, ಚಳಿಗಾಲಕ್ಕೆ ಬೇರೆ ಟೈರ್ ಬೇಕೇ ಬೇಕು ಅಂತಾರೆ. ಟೈರ್ ಹೊಸದಾಗಿಯೇ ಇದೆ, ಸುಮ್ನೆ ಖರ್ಚಲ್ವಾ?

ಉತ್ತರ: ಸುಮ್ನೆ ಅಲ್ಲ. ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಡಸಾಗುತ್ತಾ ಹೋಗುತ್ತದೆ, ಹಿಮ ಬೀಳದಿದ್ದರೂ. ತುಪ್ಪ ಹೆಪ್ಪುಗಟ್ಟಿದ ಹಾಗೆ ಅಂದುಕೊಳ್ಳಿ. ಚಳಿಗಾಲದ ಟೈರು ಆ ಚಳಿಯಲ್ಲೂ ಮೆತ್ತಗಿರುತ್ತದೆ, ಮೇಲೆ ಸಣ್ಣ ಸಣ್ಣ ಸೀಳುಗಳಿರುತ್ತವೆ, ಅವು ಹಿಮವನ್ನು ಕಚ್ಚುತ್ತವೆ. ಅದನ್ನೇ ತಂದು ಬಳ್ಳಾರಿಯಲ್ಲಿ ಓಡಿಸಿದರೆ ಪೆನ್ಸಿಲ್ ಅಳಿಸುವ ರಬ್ಬರಿನ ಹಾಗೆ ಉಜ್ಜಿ ಹೋಗುತ್ತದೆ, ಅದು ಬೇರೆ ಮಾತು.

ಅಲ್ಲಿ ಕಾನೂನು ತಾರೀಖಿನ ಮೇಲಿಲ್ಲ, ರಸ್ತೆ ಮೇಲಿದೆ. ಹಿಮ, ಮಂಜುಗಡ್ಡೆ, ಕೆಸರು ಹಿಮ ಇದ್ದಾಗ ಚಳಿಗಾಲದ ಟೈರ್ ಇರಲೇಬೇಕು, ಇಲ್ಲದಿದ್ದರೆ 60 ಯೂರೋ ದಂಡ, ಲೈಸೆನ್ಸ್ ಲೆಕ್ಕಕ್ಕೆ ಒಂದು ಪಾಯಿಂಟ್. ಜನ ಲೆಕ್ಕ ಇಟ್ಟುಕೊಳ್ಳುವುದು "ಓ ಬಿಸ್ ಓ" ಅಂತ, ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ (ಈಸ್ಟರ್‌ಗೆ ಜರ್ಮನ್‌ನಲ್ಲಿ ಓಸ್ಟರ್ನ್ ಅಂತಾರೆ). ಕೊಳ್ಳುವಾಗ ಟೈರಿನ ಪಕ್ಕೆ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಆ ಗುರುತು ಇದೆಯಾ ನೋಡಿ. ಬರೀ ಎಂ ಪ್ಲಸ್ ಎಸ್ (ಮಡ್ ಮತ್ತು ಸ್ನೋ, ಕೆಸರು ಮತ್ತು ಹಿಮ) ಅಂತಿದ್ದರೆ 2024ರ ಅಕ್ಟೋಬರ್‌ನಿಂದ ಅಲ್ಲಿ ನಡೆಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರಿನ ಜೊತೆ ಅಂಥ ಹಳೇ ಸೆಟ್ ಬಂದಿರುವ ಸಂಭವ ಇದೆ, ಅದಕ್ಕೇ ಹೇಳಿದೆ.

ಊರೊಳಗೇ ಓಡಾಟ ಆದರೆ ಬೆಟ್ಟದ ಗುರುತಿರುವ ಆಲ್ ಸೀಸನ್ ಒಂದೇ ಸೆಟ್ ಸಾಕು. ವಾರಾಂತ್ಯಕ್ಕೆ ಆಲ್ಪ್ಸ್ ಕಡೆ ಹೋಗುವ ಆಸೆ ಇದ್ದರೆ ಎರಡು ಸೆಟ್ ಇಟ್ಟುಕೊಳ್ಳಿ. ಆಸ್ಟ್ರಿಯಾದಲ್ಲಿ ಕೊರಕಲಿನ ಆಳ 4 ಮಿ.ಮೀ.ಗಿಂತ ಕಮ್ಮಿ ಇದ್ದರೆ ಅದನ್ನು ಚಳಿಗಾಲದ ಟೈರ್ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೊಂದು ಸೆಟ್ ಎಲ್ಲಿಡೋದು ಅನ್ನುವ ಚಿಂತೆ ಬೇಡ, ಅಂಗಡಿಯವರೇ ಬಾಡಿಗೆಗೆ ಇಟ್ಟುಕೊಳ್ಳುತ್ತಾರೆ, ಅದಕ್ಕೆ ಅಲ್ಲಿ ಟೈರ್ ಹೋಟೆಲ್ ಅಂತ ಹೆಸರು. ನಾನು ಮೊದಲು ಕೇಳಿದಾಗ ಊಟ ಏನು ಕೊಡ್ತಾರೆ ಅಂದಿದ್ದೆ.

ಪ್ರಶ್ನೆ: ಯಾವ ಕಂಪನಿ ಟೈರ್ ಒಳ್ಳೇದು, ಒಂದೇ ಮಾತಲ್ಲಿ ಹೇಳಿ. ಹಳೇದರಲ್ಲಿ ಒಂದನ್ನು ಸ್ಟೆಪ್ನಿಗೆ ಇಟ್ಟುಕೊಳ್ಳಬಹುದಾ? (ಮೈಸೂರು)

ಉತ್ತರ: ಒಂದೇ ಮಾತಲ್ಲಿ ಹೇಳಿದರೆ ಸುಳ್ಳಾಗುತ್ತದೆ. ಒಂದೇ ಕಂಪನಿಯಲ್ಲೂ ಒಂದು ಮಾಡೆಲ್ ಮಳೆಗೆ ಚೆನ್ನ, ಇನ್ನೊಂದು ಬಾಳಿಕೆಗೆ ಚೆನ್ನ. ನಿಮ್ಮೂರಿನವರಿಗೆ ಟೈರ್ ಅಂದರೆ ವಿಕ್ರಾಂತ್, ಆ ಫ್ಯಾಕ್ಟರಿ 1997ರಲ್ಲಿ ಜೆಕೆ ಟೈರ್ ಕೈ ಸೇರಿದರೂ ಹಳಬರ ಬಾಯಲ್ಲಿ ಹೆಸರು ಬದಲಾಗಿಲ್ಲ. ಆ ಅಭಿಮಾನ ಇರಲಿ, ಕೊಳ್ಳುವಾಗ ಹೆಸರಿಗಿಂತ ಮೊದಲು ಆ ನಾಲ್ಕು ಅಂಕಿ ಓದಿ. ನಾನೇ ಹಿಂದೊಮ್ಮೆ ಪ್ರಯಾಣದ ಮಧ್ಯೆ, ಕತ್ತಲಲ್ಲಿ, ಗುರುತಿಲ್ಲದ ಒಂದು ಅಂಗಡಿಯಲ್ಲಿ ಒಳ್ಳೇ ಡಿಸ್ಕೌಂಟ್ ಅಂತ ಎರಡು ಟೈರ್ ಹಾಕಿಸಿಕೊಂಡು ಬಂದೆ. ಮಾರನೇ ದಿನ ನೋಡಿದರೆ ಮೂರು ವರ್ಷದ ಹಿಂದೆ ತಯಾರಾದವು. ಟೈರ್ ಕೆಲಸದವನೇ ಮೋಸ ಹೋದೆ ಅಂತ ಮನೆಯಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ. ಹಾಕಿಸುವ ಮುಂಚೆ ಓದಿ, ಒಂದು ವರ್ಷಕ್ಕಿಂತ ಹಳೇದಾದರೆ ಬೇರೆ ಕೊಡಿ ಅನ್ನಿ.

ಸ್ಟೆಪ್ನಿಗೆ ಹಳೇದು ಇಟ್ಟುಕೊಳ್ಳಬಹುದು, ಉಬ್ಬು, ಬಿರುಕು ಇಲ್ಲದ, ವಯಸ್ಸು ಮೀರದ ಒಂದನ್ನು. ಆದರೆ ಡಿಕ್ಕಿಯಲ್ಲಿ ಒಂದು ದಿನವೂ ಇಳಿಯದೆ ಕೂತಿರುವ ಕಂಪನಿ ಸ್ಟೆಪ್ನಿಯನ್ನು ಹೊಸದು ಅಂತ ನಂಬಬೇಡಿ, ಮೈಮೇಲಿನ ರಬ್ಬರ್ ಕೂದಲು ಹಾಗೇ ಇದ್ದರೂ ಅದಕ್ಕೂ ನಿಮ್ಮ ಕಾರಿನಷ್ಟೇ ವಯಸ್ಸು. ಹೋದ ವಾರ ಅಲೈನ್‌ಮೆಂಟಿಗೆ ಬಂದ ಕಾರೊಂದರಲ್ಲಿ ಅಂಥದ್ದೇ ಫಳಫಳ ಸ್ಟೆಪ್ನಿ ಇತ್ತು. ಗಾಳಿ ನೋಡಿದರೆ 9 ಪಾಯಿಂಟ್.